ಒಳಲೆಯೊಳಗಿನ ಊರು

ಕಣ್ಣು ಮುಚ್ಚಬೇಡ, ಹಾಲು ಇನ್ನೂ ಲೋಟದಲ್ಲೇ ಐತೆ. ಕುಡೀತಾ ಕೇಳು ಮಗಾ. ಒಂದಾನೊಂದು ಕಾಲದಲ್ಲಿ ಒಬ್ಬ ರಾಜ ಇದ್ನಂತೆ, ಅವನ ಅರಮನೆ ಪಕ್ಕ ಹಳೇ ಸಾಮಾನೆಲ್ಲ ಕೂಡಿಟ್ಟ ದೊಡ್ಡ ಮನೆ ಇತ್ತಂತೆ, ನೀವು ಇಸ್ಕೂಲಿಂದ ಮ್ಯೂಸಿಯಂ ನೋಡಕ್ಕೆ ಹೋಗಿದ್ರಲ್ಲ, ಅಂಥಾದ್ದೇ ಅಂತ ಇಟ್ಕೋ. ಆ ಊರ ಮಠದಲ್ಲಿ ಪಾಠ ಹೇಳ್ತಿದ್ದ ಐಗಳು ಸಂತೆ ದಿನ ಬಂತೂಂದ್ರೆ ಮಕ್ಕಳನ್ನೆಲ್ಲ ಅಲ್ಲಿಗೆ ಕರ್ಕೊಂಡು ಹೋಗ್ತಿದ್ರಂತೆ. ಏನೂ ಮುಟ್ಟಂಗಿಲ್ಲ. ಒಬ್ಬೊಬ್ರು ಒಂದೊಂದು ಸಾಮಾನು ಮುಂದೆ ಕೂತು, ಕಣ್ತುಂಬ ನೋಡಿ, ಆಮೇಲೆ ಕಣ್ಣು ಮುಚ್ಚಿ ಅದರ ಸುತ್ತ ಒಂದು ಊರು ಕಟ್ಟಬೇಕು. ಇದು ಯಾರ ಕೈಲಿತ್ತು, ಅವರ ಮನೆ ಬಾಗಿಲು ಯಾವ ಕಡೆಗಿತ್ತು, ಅಲ್ಲಿ ಯಾರು ನಗ್ತಿದ್ರು, ಯಾರು ಅಳ್ತಿದ್ರು ಅಂತ.

ಆ ಮಕ್ಕಳಲ್ಲಿ ದ್ಯಾವಿ ಅಂತ ಒಬ್ಬಳು, ಹುಟ್ಟುತ್ಲೇ ತಾಯಿ ಕಳ್ಕೊಂಡೋಳು. ಅವಳು ಯಾವಾಗ್ಲೂ ಹಿತ್ತಾಳೆ ಒಳಲೆ ಮುಂದೇನೇ ಕೂರ್ತಿದ್ಲಂತೆ. ಕೂಸಿಗೆ ಹಾಲು ಕುಡಿಸ್ತಾರಲ್ಲ, ಮೂತಿ ಇರೋ ಪುಟಾಣಿ ಬಟ್ಲು, ಅದು. ಅವಳು ಕಟ್ಟಿದ ಊರಲ್ಲಿ ಒಬ್ಬ ಅಮ್ಮ ಇದ್ಲು, ಕಾಲ ಮೇಲೆ ಕೂಸು ಹಾಕ್ಕೊಂಡು ಹಾಲು ಕುಡಿಸ್ತಿದ್ಲು, ತುಟಿನೂ ಆಡ್ತಿತ್ತು. ಆದ್ರೆ ಏನಂತಾಳೆ ಅನ್ನೋದು ಮಾತ್ರ ದ್ಯಾವಿಗೆ ಒಂದಿನಾನೂ ಕೇಳಿಸ್ಲಿಲ್ಲ. ಪಾಪ, ಅವಳಿಗೆ ಯಾರಾದ್ರೂ ಅಂಥ ಮಾತು ಅಂದಿದ್ರೆ ತಾನೇ ಗೊತ್ತಿರೋದು.

ಹಿಂಗಿರುವಾಗ ರಾಜಂಗೆ ಯುದ್ಧದ ಹುಚ್ಚು ಹಿಡೀತಂತೆ. ಈ ಹಳೇ ಕಸ ಯಾಕೆ, ಕರಗಿಸಿ ಫಿರಂಗಿ ಗುಂಡು ಮಾಡಿ ಅಂತ ಆ ಮನೆ ಬಾಗಿಲಲ್ಲೇ ಕುಲುಮೆ ಹೂಡಿಸಿದ್ನಂತೆ. ಐಗಳು ಓಡಿಬಂದು ಕಾಲಿಗೆ ಬಿದ್ದು, ಬುದ್ಧೀ, ಇದು ಕಸ ಅಲ್ಲ, ಒಂದೊಂದ್ರಲ್ಲೂ ಒಂದೊಂದು ಊರೈತೆ ಅಂದ್ರಂತೆ. ರಾಜ ನಕ್ಕು, ಹಂಗಾದ್ರೆ ನಿನ್ನ ಮಕ್ಕಳಲ್ಲಿ ಮೂರು ಜನ ಬರ್ಲಿ, ಒಬ್ರಾದ್ರೂ ನನ್ನ ಆ ಊರೊಳಕ್ಕೆ ಕರ್ಕೊಂಡು ಹೋದ್ರೆ ಮನೆ ಉಳಿಸ್ತೀನಿ, ಇಲ್ದಿದ್ರೆ ಒಂದು ಸೂಜಿನೂ ಬಿಡಲ್ಲ ಅಂದ್ನಂತೆ.

ಮೊದಲು ಕೆಂಚಪ್ಪ ಬಂದ. ರಾಜಂಗೆ ಇಷ್ಟ ಆಗ್ಲಿ ಅಂತ, ತಾನು ದಿನಾ ನೋಡ್ತಿದ್ದ ಬುಗುರಿ ಬಿಟ್ಟು ದೊಡ್ಡ ಕತ್ತಿ ತೋರಿಸಿ ರಕ್ತದ ಹೊಳೆ ಹರಿಸ್ದ. ನಾನು ಕಾಣದ ಊರಾ ಇದು ಅಂತ ರಾಜ ಆ ಕತ್ತೀನ ಕುಲುಮೆಗೆ ಹಾಕಿಸ್ದ. ಆಮೇಲೆ ಮಲ್ಲಣ್ಣ ಬಂದ, ಅವನೂ ತಾನು ದಿನಾ ನೋಡ್ತಿದ್ದ ಎತ್ತಿನ ಗೆಜ್ಜೆ ಬಿಟ್ಟು ಕಿರೀಟ ತೋರಿಸಿ ಚಿನ್ನದ ಊರು ಕಟ್ಟಿದ. ರಾಜ ಆಕಳಿಸ್ದ. ಕಿರೀಟನೂ ಬೆಂಕಿಗೆ ಹೋಯ್ತು.

ಆಮೇಲೆ ದ್ಯಾವಿ. ಕುಲುಮೆ ಕಾವು ಮುಖಕ್ಕೆ ಹೊಡೀತಿತ್ತು. ಒಳಲೆ ಕರಗಿದ್ರೆ ತನ್ನ ಅಮ್ಮನೂ ಹೋದ್ಲು ಅಂತ ಅವಳಿಗೆ ಗೊತ್ತು. ಊರು ಹೇಳಿದ್ಲು, ಬೀದಿ ಹೇಳಿದ್ಲು, ಜಗಲಿ ಹೇಳಿದ್ಲು, ಕೂಸು ಮುಖ ತಿರುಗಿಸ್ಕೊಂಡು ಹಾಲು ಒಲ್ಲೆ ಅಂತು, ಆಗ ಅಮ್ಮ ಏನಂದ್ಲು ಅಂದ್ರೆ... ಅಲ್ಲಿಗೆ ನಿಂತುಬಿಡ್ತು. ಏನಂದ್ಲು ಅಂತ ರಾಜ ಗದರಿಸ್ದ. ಆಳು ಒಳಲೆನ ಇಕ್ಕಳದಲ್ಲಿ ಎತ್ತೇಬಿಟ್ಟ. ದ್ಯಾವಿ ಅಳ್ತಾ, ಗೊತ್ತಿಲ್ಲ ಬುದ್ಧೀ, ನಂಗೆ ಅಮ್ಮ ಇಲ್ಲ, ನಿಮ್ಮಮ್ಮ ಏನಂತಿದ್ರು ಅಂತ ಕೇಳಿದ್ಲಂತೆ.

ರಾಜನ ಕಣ್ಣು ತಾನಾಗೇ ಮುಚ್ಕೊಂತು, ಮೆಲ್ಲಗೆ ಅಂದ್ನಂತೆ, ಕಾಗೆಗೊಂದು ಗುಟುಕು, ಗುಬ್ಬಿಗೊಂದು ಗುಟುಕು, ಉಳಿದಿದ್ದೆಲ್ಲ ನನ್ನ ಕೂಸಿಗೆ. ಕಣ್ಣು ಬಿಡದೇನೇ ದ್ಯಾವಿಗೆ, ಅಮ್ಮಣ್ಣೀ, ಆ ಜಗಲಿ ಮೇಲೆ ಒಂದು ಬಿಳೀ ಬೆಕ್ಕೂ ಇತ್ತು ಕಣೇ ಅಂದ. ಊರೊಳಕ್ಕೆ ಹೋಗೇಬಿಟ್ಟಿದ್ದ!

ಆಮೇಲೆ ಕುಲುಮೆಗೆ ನೀರು ಹುಯ್ಸಿದ್ನಂತೆ, ಯುದ್ಧದ ಮಾತೇ ಎತ್ಲಿಲ್ವಂತೆ, ಸಂತೆ ದಿನ ಮಕ್ಕಳ ಜೊತೆ ತಾನೂ ಚಕ್ಕಳಮಕ್ಕಳ ಹಾಕಿ ಕೂರ್ತಿದ್ನಂತೆ. ಕೆಂಚಪ್ಪ ಬುಗುರಿ ಮುಂದೆ, ಮಲ್ಲಣ್ಣ ಗೆಜ್ಜೆ ಮುಂದೆ. ದ್ಯಾವಿ ಒಳಲೆ ಮುಂದೆ ಕೂತು ಕಣ್ಣು ಮುಚ್ಚಿದ್ಲು, ಅಮ್ಮನ ತುಟಿ ಆಡ್ತು, ಕಾಗೆಗೊಂದು ಗುಟುಕು ಅಂತ ಕೇಳಿಸ್ತು. ಕಾಲ ಮೇಲಿದ್ದ ಕೂಸು ಅವಳೇ.

ಕತೆನೂ ಮುಗೀತು, ನಿನ್ನ ಹಾಲೂ ಮುಗೀತು. ಈಗ ಮುಚ್ಚು ಕಣ್ಣು.