ವ್ಯಾನಿನಿಂದ ಇಳಿದ ಹಾಡುಗಾರ್ತಿ

ಅಡಿವೆಯ್ಯ ಕೇಳಿದ: “ಗುರುಗಳೇ, ಮನೆ ಬಿಟ್ಟು ಮಠಕ್ಕೆ ಬಂದು ವರ್ಷಗಳೇ ಆದವು. ಬಂದದ್ದಕ್ಕೆ ಪಶ್ಚಾತ್ತಾಪವಿಲ್ಲ. ಇಲ್ಲಿಯ ಕೆಲಸದಲ್ಲಿ ಬೇಸರವಿಲ್ಲ. ಆದರೂ ಹೊತ್ತು ಮುಳುಗುವಾಗ ಮನಸ್ಸು ಮನೆಯ ಕಡೆಗೆ ಜಗ್ಗುತ್ತದೆ. ತಾನಾಗಿಯೇ ಹೋದೀತು ಎಂದು ಕಾದೆ, ಹೋಗಲಿಲ್ಲ. ಈ ಹಂಬಲ ಯಾವಾಗ ಹೋಗುತ್ತದೆ?”

ಗುರುಗಳು ಪಡಸಾಲೆಯಲ್ಲಿ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಶಿಷ್ಯನ ಮುಂದೆಯೂ ಒಂದು ಕಟ್ಟು ಸರಿಸಿ ಹೀಗೆ ಹೇಳಿದರು.

ಒಬ್ಬ ಹಾಡುಗಾರ್ತಿ ಇದ್ದಳು. ಹೆಸರು ರೆಜಿನಾ. ಅವಳು ಹಾಡುತ್ತಿದ್ದದ್ದು ನಾನು ನೀನು ಕೇಳುವಂಥ ಸಂಗೀತವಲ್ಲ. ಅದಕ್ಕೆ ಪಂಕ್ ಎನ್ನುತ್ತಾರೆ. ಅದರಲ್ಲಿ ಆಲಾಪವಿಲ್ಲ, ವಿಸ್ತಾರವಿಲ್ಲ. ಗಿಟಾರಿನ ಪೆಟ್ಟು, ಡ್ರಮ್ಮಿನ ಓಟ, ಗಂಟಲು ಹರಿಯುವಂಥ ಕೂಗು. ಹಾಡು ಶುರುವಾಯಿತು ಅನ್ನುವಷ್ಟರಲ್ಲಿ ಮುಗಿದಿರುತ್ತದೆ. ಅದು ರೇಡಿಯೋದಲ್ಲಿ ಬರುವುದಿಲ್ಲ, ಮದುವೆಗೆ ಯಾರೂ ಕರೆಸುವುದಿಲ್ಲ. ಬೇಕಾದವರು ಒಬ್ಬರ ಕಿವಿಯಿಂದ ಒಬ್ಬರಿಗೆ ಹೇಳಿಕೊಂಡು ಬಂದು ಸೇರುತ್ತಾರೆ. ಗ್ಯಾರೇಜಿನ ಹಿಂದಿನ ಶೆಡ್ಡು, ಮುಚ್ಚಿದ ಹತ್ತಿ ಜಿನ್ನಿನ ಗೋದಾಮು, ಯಾವುದೋ ಅಂಗಡಿಯ ನೆಲಮಾಳಿಗೆ, ಇಂಥ ಕಡೆಯೇ ಹಾಡಬೇಕು.

ಅವರ ತಂಡದ ಹೆಸರು ಬಿರುಕು. ಅವರಿಗೆ ಒಂದು ಹಳೆಯ ವ್ಯಾನಿತ್ತು. ಅದರಲ್ಲಿ ಡ್ರಮ್ಮು, ಸ್ಪೀಕರು, ತಂತಿಗಳು, ಮಿಕ್ಕ ಜಾಗದಲ್ಲಿ ಮನುಷ್ಯರು. ಡ್ರಮ್ಮು ಬಾರಿಸುವವನು ಇಮ್ತಿಯಾಜ್. ವ್ಯಾನು ಓಡಿಸುವವನೂ ಅವನೇ. ಇಂದು ಮಂಗಳೂರು, ನಾಳೆ ಪಣಜಿ, ಆಮೇಲೆ ಕೊಲ್ಹಾಪುರ. ಹಾಡಿದ ಊರಿನಲ್ಲಿ ಯಾರಾದರೂ ಕರೆದರೆ ಅವರ ಮನೆಯ ನೆಲದ ಮೇಲೆ ಮಲಗುತ್ತಿದ್ದರು. ಕರೆಯದಿದ್ದರೆ ವ್ಯಾನಿನಲ್ಲೇ ಕುಳಿತು ನಿದ್ದೆ. ಒಗೆದ ಬಟ್ಟೆ ಒಂದು ಊರಿನಲ್ಲಿ ಒಣಗದೆ ಮುಂದಿನ ಊರಿಗೂ ಹಸಿಯಾಗಿಯೇ ಬರುತ್ತಿತ್ತು. ಎಲ್ಲೋ ಪಕ್ಕದ ಮನೆಯವರು ಬೈದರೆ, ಎಲ್ಲೋ ಪೊಲೀಸರು ಬಂದರೆ, ಅರ್ಧ ಹಾಡಿಗೇ ಕರೆಂಟು ತೆಗೆಯುತ್ತಿದ್ದರು. ಆಗ ರೆಜಿನಾ ಬರಿಗಂಟಲಲ್ಲಿ ಮಿಕ್ಕರ್ಧ ಹಾಡಿ ಮುಗಿಸುತ್ತಿದ್ದಳು. ಅದನ್ನು ಅವಳು ಪ್ರೀತಿಯಿಂದಲೇ ಮಾಡುತ್ತಿದ್ದಳು. ಬೇರೆ ಬದುಕು ಬೇಕೆಂದು ಅವಳಿಗೆ ಮೊದಮೊದಲು ಅನ್ನಿಸಿರಲಿಲ್ಲ.

ಅವಳು ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಕಾಲೋನಿಯಲ್ಲಿ. ಗಣಿ ಮುಚ್ಚಿತು. ತಾಯಿ ತೀರಿಕೊಂಡ ಮೇಲೆ ಅವರಿದ್ದ ಕ್ವಾರ್ಟರ್ಸು ಬೇರೆಯವರ ಪಾಲಾಯಿತು. ಹೋಗುತ್ತೇನೆಂದರೆ ಊರಿತ್ತು, ಮನೆ ಇರಲಿಲ್ಲ.

ಅವಳೇ ಕಟ್ಟಿದ ಒಂದು ಹಾಡಿತ್ತು. ಮುಸ್ಸಂಜೆಯಲ್ಲಿ ವ್ಯಾನು ಓಡುವಾಗ ಹೊಲದಾಚೆ ಯಾರದೋ ಮನೆಯಲ್ಲಿ ದೀಪ ಹೊತ್ತಿಕೊಳ್ಳುವುದನ್ನು ನೋಡಿ ಕಟ್ಟಿದ್ದು. ‘ಯಾರ ಮನೆ ದೀಪ ಅದು? ನನ್ನದಲ್ಲ, ನನ್ನದಲ್ಲ.’ ಇಷ್ಟೇ ಅದರ ಪಲ್ಲವಿ. ಅವಳು ಇದನ್ನು ಹಾಡಿದಾಗ ಹುಡುಗರು ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ‘ನನ್ನದಲ್ಲ’ ಎಂದು ಚಾವಣಿ ಹಾರಿಹೋಗುವಂತೆ ಕೂಗುತ್ತಿದ್ದರು. ಆಮೇಲೆ ಬೆವರು ಒರೆಸಿಕೊಂಡು ಸ್ಕೂಟರು ಹತ್ತಿ ಮನೆಗೆ ಹೋಗುತ್ತಿದ್ದರು. ರೆಜಿನಾ ತಂತಿ ಸುತ್ತುತ್ತಾ ಅವರು ಹೋಗುವುದನ್ನೇ ನೋಡುತ್ತಿದ್ದಳು. ಇವರಿಗೆ ಮನೆಯಿದೆ, ಈ ಹಾಡು ಇವರಿಗೆ ಬರೀ ಆಟ ಎಂದು ಅವಳಿಗೆ ಅನ್ನಿಸುತ್ತಿತ್ತು. ಹೀಗೆ ಅನ್ನಿಸಿದ ಮೇಲೆ ಅವಳ ಎದೆಯಲ್ಲಿ ಒಂದು ಹಂಬಲ ಬೇರು ಬಿಟ್ಟಿತು. ದೊಡ್ಡದೇನಲ್ಲ. ಬೆಳಿಗ್ಗೆ ಕಣ್ಣು ಬಿಟ್ಟರೆ ನಿನ್ನೆಯ ಗೋಡೆಯೇ ಕಾಣಬೇಕು. ಅಷ್ಟೇ.

ಒಂದು ಮಧ್ಯಾಹ್ನ ಅವರು ಬೆಳಗಾವಿಗೆ ಹೊರಟಿದ್ದರು. ಹೆದ್ದಾರಿಯ ಬದಿಯಲ್ಲಿ ಒಂದು ಖಾನಾವಳಿ ಕಂಡಿತು. ಹಸಿವಾಗಿತ್ತು, ನಿಲ್ಲಿಸಿದರು. ಅದನ್ನು ನಡೆಸುತ್ತಿದ್ದವಳು ಕಸ್ತೂರವ್ವ ಎಂಬ ವಯಸ್ಸಾದ ಹೆಂಗಸು. ಅವಳು ರೊಟ್ಟಿ ಬಡಿಸುತ್ತಾ ವ್ಯಾನಿನೊಳಗೆ ಇಣುಕಿ ನೋಡಿದಳು. ಇವರ ಮುಖವನ್ನೂ ನೋಡಿದಳು.

“ಯಾವ ಕಂಪನಿಯವರು ನೀವು?” ಎಂದಳು.

ಇಮ್ತಿಯಾಜ್ ನಕ್ಕ. “ಕಂಪನಿ ಅಲ್ಲ ಅಮ್ಮಾ. ನಮ್ಮದೊಂದು ಬ್ಯಾಂಡು.”

“ಸಾಮಾನು ಹೇರ್ಕೊಂಡು ಊರೂರು ಅಡ್ಡಾಡ್ತೀರಿ. ಕಂಡವರ ಮನ್ಯಾಗ ಮಲಗ್ತೀರಿ. ಮಂದಿ ಮುಂದ ನಿಂತು ಹಾಡ್ತೀರಿ. ಕಂಪನಿ ಅಲ್ದ ಮತ್ತೇನು?” ಎಂದು ಅವಳು ಇನ್ನೊಂದು ರೊಟ್ಟಿ ಹಾಕಿದಳು.

ಕಸ್ತೂರವ್ವ ಹರೆಯದಲ್ಲಿ ನಾಟಕ ಕಂಪನಿಯಲ್ಲಿದ್ದವಳು. ಪಾತ್ರ ಮಾಡುತ್ತಿದ್ದಳು, ಹಾಡುತ್ತಿದ್ದಳು. ಒಂದು ಊರಿನಲ್ಲಿ ತಂಬು ಕಿತ್ತರೆ ಪರದೆ, ಪೆಟಾರಿ, ಅಡುಗೆಯ ಪಾತ್ರೆ ಎಲ್ಲ ಲಾರಿಗೆ ಏರಿಸಿ, ಅದರ ಮೇಲೆ ತಾವೂ ಕುಳಿತು ಇನ್ನೊಂದು ಊರಿಗೆ ಹೋಗುತ್ತಿದ್ದರು. ಜನ ನಾಟಕಕ್ಕೆ ಬರುವುದು ನಿಂತಿತು. ಕಂಪನಿ ಮುಚ್ಚಿತು. ಅವಳು ಇಲ್ಲಿ ಒಲೆ ಹೂಡಿದಳು.

ರೆಜಿನಾ ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋದಳು. ಅಲ್ಲಿ ಹಗ್ಗದ ಮೇಲೆ ಸೀರೆಗಳು ಗರಿಗರಿಯಾಗಿ ಒಣಗಿದ್ದವು. ಹೊರಸಿನ ಮೇಲೆ ಬೆಕ್ಕು ಮಲಗಿತ್ತು. ಅವಳು ಹೊರಸಿನ ತುದಿಗೆ ಕುಳಿತಳು. ಕುಳಿತವಳಿಗೆ ಏಳಲು ಮನಸ್ಸಾಗಲಿಲ್ಲ. ಹೊರಗೆ ಇಮ್ತಿಯಾಜ್ ಹಾರ್ನು ಬಾರಿಸಿದ. ಮತ್ತೆ ಬಾರಿಸಿದ. ಕಸ್ತೂರವ್ವ ಹಿತ್ತಲಿಗೆ ಬಂದು ನೋಡಿದರೆ ಈ ಹುಡುಗಿ ಅಳುತ್ತಿದ್ದಳು.

“ನನಗೆ ಏಳೋಕೆ ಆಗ್ತಿಲ್ಲ ಅಮ್ಮಾ,” ಎಂದಳು ರೆಜಿನಾ.

“ಏಳಬ್ಯಾಡ. ಇರು,” ಎಂದಳು ಕಸ್ತೂರವ್ವ.

ಇಮ್ತಿಯಾಜ್ ಒಳಗೆ ಬಂದ. ಅವನಿಗೆ ಎಲ್ಲ ತಿಳಿಯಿತು. ಎಷ್ಟೋ ಊರುಗಳಿಂದ ಅವನು ಇದಕ್ಕೆ ಹೆದರಿಕೊಂಡೇ ವ್ಯಾನು ಓಡಿಸಿದ್ದ. ಅವನು ಸಿಟ್ಟು ಮಾಡಲಿಲ್ಲ. ಅವಳ ಚೀಲ ಇಳಿಸಿ ತಂದು ಹೊರಸಿನ ಕೆಳಗಿಟ್ಟ. “ದೀಪದ ಹಾಡು ಯಾರು ಹಾಡಬೇಕು?” ಎಂದು ಮಾತ್ರ ಕೇಳಿದ.

“ಯಾರಾದರೂ ಹಾಡಿ,” ಎಂದಳು ರೆಜಿನಾ.

ವ್ಯಾನು ಹೋಯಿತು.

ಅವಳು ಅಲ್ಲೇ ಉಳಿದಳು. ಅಟ್ಟದ ಮೇಲಿನ ಕೋಣೆ ಅವಳದಾಯಿತು. ಟವೆಲು ನೇತುಹಾಕಲು ಒಂದು ಮೊಳೆ, ಅದೂ ಅವಳದೇ. ಬೆಳಿಗ್ಗೆ ಕಣ್ಣು ಬಿಟ್ಟರೆ ನಿನ್ನೆಯ ಗೋಡೆ. ರೊಟ್ಟಿ ಬಡಿಯಲು ಕಲಿತಳು. ಮೊದಲು ಹರಿದವು, ಆಮೇಲೆ ದುಂಡಗಾದವು. ದಿನವೂ ಊಟಕ್ಕೆ ಬರುವ ಲಾರಿಯವರು ಅವಳನ್ನು ತಂಗಿ ಎಂದು ಕರೆದರು. ಕಸ್ತೂರವ್ವ ಅವಳ ತಲೆಗೆ ಎಣ್ಣೆ ಹಚ್ಚಿ, ಕತ್ತರಿಸಿಕೊಂಡಿದ್ದ ಕೂದಲು ಬೆಳೆಯುವುದನ್ನು ದಿನಾ ನೋಡಿ ಸಂತೋಷಪಟ್ಟಳು. ಒಡೆದಿದ್ದ ಗಂಟಲು ಕೂಡಿಕೊಂಡಿತು. ಮಾತಾಡಿದರೆ ದನಿ ಮೆತ್ತಗೆ ಬರುತ್ತಿತ್ತು. ಹುಣ್ಣು ಮಾಯ್ದ ಜಾಗವನ್ನು ಮುಟ್ಟಿ ನೋಡಿಕೊಳ್ಳುವ ಹಾಗೆ ರೆಜಿನಾ ತನ್ನ ಎದೆಯನ್ನು ಆಗಾಗ ಕೇಳಿಕೊಳ್ಳುತ್ತಿದ್ದಳು. ಹಂಬಲ ಅಲ್ಲಿರಲಿಲ್ಲ. ಹೋಯಿತು ಎಂದುಕೊಂಡಳು.

ಮಳೆಗಾಲ ಕಳೆಯಿತು. ಖಾನಾವಳಿಯ ಮುಂದೆ ರಸ್ತೆಗೆ ಒಂದು ಏರಿತ್ತು. ಭಾರದ ಗಾಡಿಗಳು ಅಲ್ಲಿ ಗೇರು ಬದಲಿಸುತ್ತಿದ್ದವು. ಒಂದು ದಿನ ಹಾಗೆ ಗೇರು ಬದಲಾದ ಸದ್ದಿಗೆ ರೆಜಿನಾಳ ಕೈ ಹಿಟ್ಟಿನ ಮೇಲೆ ನಿಂತಿತು. ತಿರುಗಿ ನೋಡಿದರೆ ಯಾವುದೋ ತರಕಾರಿ ಗಾಡಿ. ಅವಳು ನಕ್ಕು ಮತ್ತೆ ನಾದಿದಳು. ಮರುದಿನವೂ ಕೈ ನಿಂತಿತು. ಬರಬರುತ್ತಾ ನೋಡದೆಯೇ ಸದ್ದಿನಿಂದ ಗಾಡಿಗಳ ಗುರುತು ಹಿಡಿಯತೊಡಗಿದಳು. ಇದು ಲಾರಿ, ಇದು ಬಸ್ಸು, ಇದು ವ್ಯಾನು. ಅವರ ವ್ಯಾನು ಮಾತ್ರ ಬರಲಿಲ್ಲ. ಹಂಚಿನ ಮೇಲೆ ರೊಟ್ಟಿ ಸೀದವು.

ಕಸ್ತೂರವ್ವ ಸೀದ ರೊಟ್ಟಿ ತೆಗೆದು ಬೆಕ್ಕಿಗೆ ಹಾಕಿ ಕೇಳಿದಳು: “ಈ ಮನಿ ಸಾಕಾತೇನು?”

“ಸಾಕಾಗಿಲ್ಲ ಅವ್ವಾ. ಇಲ್ಲಿಂದ ಹೋದರೆ ಈ ಮನೆಗಾಗಿ ಸಾಯ್ತೀನಿ. ಅದು ಗೊತ್ತು. ಆದರೂ ಆ ಸದ್ದು ಕೇಳಿದರೆ…” ಅವಳು ರಸ್ತೆಯ ಕಡೆ ನೋಡಿದಳು.

ಕಸ್ತೂರವ್ವ ಒಲೆಯ ಬೆಂಕಿ ಸರಿಮಾಡಿದಳು. “ನಮ್ಮಪ್ಪನ ಜಾಗ ಊರೊಳಗ ಇತ್ತು. ತಣ್ಣನ ಓಣಿ, ಮನಿ ಮುಂದ ಬೇವಿನ ಗಿಡ. ಅದನ್ನ ಮಾರಿ ಈ ಧೂಳಿನ್ಯಾಗ ಬಂದು ಕುಂತೀನಿ. ಯಾಕ ಅಂತ ಮಂದಿ ಕೇಳಿದ್ರ ವ್ಯಾಪಾರಕ್ಕ ಅಂತೀನಿ.”

“ಮತ್ತೆ ಯಾಕೆ?”

“ಲಾರಿ ಹೋಗೋದು ಕಿವೀಗೆ ಬೀಳಬೇಕಲ್ಲ, ಅದಕ್ಕ.”

ರೆಜಿನಾ ಹಂಚಿನ ಮೇಲೆ ಇನ್ನೊಂದು ರೊಟ್ಟಿ ಹಾಕಿದಳು.

ಅದಾದ ಕೆಲವು ದಿನಕ್ಕೆ ರೆಜಿನಾಳ ಫೋನಿಗೆ ಇಮ್ತಿಯಾಜನ ಸಂದೇಶ ಬಂತು. ಹೊಸಪೇಟೆ, ಭಾನುವಾರ ಸಂಜೆ, ಹಳೆಯ ಪೈಪು ಕಾರ್ಖಾನೆಯ ಶೆಡ್ಡು. ಅಷ್ಟೇ ಇತ್ತು. ಬಾ ಎಂದೂ ಇರಲಿಲ್ಲ, ಬರಬೇಡ ಎಂದೂ ಇರಲಿಲ್ಲ. ರೆಜಿನಾ ಅದನ್ನು ಓದಿ ಹೇಳಿದಳು. ಕಸ್ತೂರವ್ವ ಭಾನುವಾರ ಖಾನಾವಳಿಗೆ ಬೀಗ ಹಾಕಿ, ಪೆಟ್ಟಿಗೆಯಿಂದ ರೇಷ್ಮೆ ಸೆರಗಿನ ಇಳಕಲ್ ಸೀರೆ ತೆಗೆದು ಉಟ್ಟಳು. ಇಬ್ಬರೂ ಬಸ್ಸು ಹತ್ತಿದರು.

ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ರೆಜಿನಾ ಗುಂಪಿನ ನಡುವೆ ನಿಂತಳು. ಅವಳು ನಿಲ್ಲುತ್ತಿದ್ದ ಜಾಗದಲ್ಲಿ, ಅವಳ ಮೈಕಿನ ಮುಂದೆ ಬೇರೊಬ್ಬ ಹುಡುಗಿ ನಿಂತಿದ್ದಳು. ಅವಳ ಹೆಸರು ಚೈತಾಲಿ. ತುಂಬ ಚಿಕ್ಕವಳು, ತುಂಬ ತೆಳ್ಳಗಿದ್ದಳು. ಅವಳು ದೀಪದ ಹಾಡು ಎತ್ತಿಕೊಂಡಳು. ರೆಜಿನಾಳಿಗೆ ಮೊದಲು ಅದನ್ನು ಕೇಳಿಸಿಕೊಳ್ಳಲಾಗಲಿಲ್ಲ. ಯಾರಾದರೂ ಹಾಡಿ ಎಂದವಳು ತಾನೇ. ಆದರೆ ಯಾರಾದರೂ ಹಾಡಿಯಾರು ಎಂದು ಅವಳು ನಿಜವಾಗಿ ಎಣಿಸಿರಲಿಲ್ಲ. ಹುಡುಗಿ ಉಸಿರು ತೆಗೆದುಕೊಳ್ಳಬಾರದ ಕಡೆ ತೆಗೆದುಕೊಂಡಳು. ಒಂದು ಸಾಲು ನುಂಗಿದಳು. ಪಲ್ಲವಿ ಬಂತು. ಸುತ್ತ ನಿಂತವರು ‘ನನ್ನದಲ್ಲ’ ಎಂದು ಕೂಗಿದರು.

ರೆಜಿನಾ ಆ ಕೂಗನ್ನು ಇಷ್ಟು ಹತ್ತಿರದಿಂದ ಎಂದೂ ಕೇಳಿರಲಿಲ್ಲ. ಹಾಡುವಾಗ ಅವಳ ಕಿವಿಯಲ್ಲಿ ಅವಳದೇ ದನಿ ತುಂಬಿರುತ್ತಿತ್ತು. ಈಗ ಪಕ್ಕದಲ್ಲಿ ಒಬ್ಬ ಹುಡುಗ ಕಣ್ಣು ಮುಚ್ಚಿ ಕೂಗುತ್ತಿದ್ದ. ಅವನ ಕತ್ತಿನ ನರ ಉಬ್ಬಿತ್ತು. ಅಂಗಡಿ ಕೆಲಸದ ಬ್ಯಾಡ್ಜು ತೆಗೆಯಲು ಮರೆತಿದ್ದ ಒಬ್ಬಳು ಗೆಳತಿಯ ತೋಳು ಬಿಗಿಯಾಗಿ ಹಿಡಿದು ಕೂಗುತ್ತಿದ್ದಳು. ಇವರಿಗೆಲ್ಲ ಹೋಗಲು ಮನೆಯಿತ್ತು. ಅಲ್ಲಿ ದೀಪ ಹಚ್ಚಿ ಕಾಯುವವರೂ ಇದ್ದರು. ಆದರೆ ಇದು ಆಟವಾಗಿರಲಿಲ್ಲ. ಇವರು ಯಾವುದಕ್ಕಾಗಿ ಹೀಗೆ ಕೂಗುತ್ತಾರೋ ಅದು ಅವಳಿಗೆ ತಿಳಿಯಲಿಲ್ಲ. ಕೂಗು ಮಾತ್ರ ತನ್ನದೇ ಎಂದು ಗುರುತು ಸಿಕ್ಕಿತು. ಅವಳೂ ಬಾಯಿ ತೆರೆದಳು. ಮೆತ್ತಗಾಗಿದ್ದ ಗಂಟಲು ಮತ್ತೆ ಒಡೆಯಿತು.

ಕಸ್ತೂರವ್ವ ಗೋಡೆಗೆ ಒರಗಿ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತೊಡೆ ತಟ್ಟಿ ತಾಳ ಹಾಕುತ್ತಿದ್ದಳು. ಅವಳ ಕಣ್ಣು ಹಾಡುವವರ ಮೇಲಿರಲಿಲ್ಲ. ಎಲ್ಲೋ ದೂರದಲ್ಲಿತ್ತು.

ಹಾಡು ಮುಗಿದು ಜನ ಚದುರಿದರು. ಇಮ್ತಿಯಾಜ್ ದೂರದಿಂದ ನೋಡಿ ಕೈ ಎತ್ತಿದ. ಬಂದು ಮಾತಾಡಿಸಲು ಅವನಿಗೆ ಧೈರ್ಯವಾಗಲಿಲ್ಲವೋ ಏನೋ, ಡ್ರಮ್ಮು ಬಿಚ್ಚತೊಡಗಿದ. ಚೈತಾಲಿ ಮಾತ್ರ ನೇರ ಬಂದಳು. ರೆಜಿನಾ ಯಾರೆಂದು ಅವಳಿಗೆ ಗೊತ್ತಿತ್ತು.

“ಅಕ್ಕಾ, ನಿಮ್ಮ ಹಾಡು ಕೆಡಿಸಿಬಿಟ್ಟೆನಾ?”

“ಇಲ್ಲ,” ಎಂದಳು ರೆಜಿನಾ. ಅದು ನಿಜವೇ ಆಗಿತ್ತು.

ಹುಡುಗಿ ಶೆಡ್ಡಿನ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಹಾಡಿ ಹಾಡಿ ಅವಳ ದನಿ ಒಡೆದಿತ್ತು. ಆದರೂ ಕೇಳಿದಳು: “ಇವರ ಹತ್ತಿರ ಕೇಳೋಕೆ ನಾಚಿಕೆ. ನೀವಾದರೆ ಹೇಳ್ತೀರಿ. ದಿನಾ ಸಂಜೆ ಮನೆ ನೆನಪಾಗುತ್ತೆ. ಹಾಡ್ತಾ ಇದ್ದರೂ ಬಿಡಲ್ಲ. ಒಂದೊಂದು ಸಲ ಯಾವುದೋ ಊರಲ್ಲಿ ಇಳಿದುಬಿಡೋಣ ಅನ್ಸುತ್ತೆ. ಅಕ್ಕಾ, ಇದು ಯಾವಾಗ ಹೋಗುತ್ತೆ?”

ರೆಜಿನಾ ಆ ಹುಡುಗಿಯ ಮುಖ ನೋಡಿದಳು. ಗೋಡೆಗೆ ಒರಗಿದ್ದ ಕಸ್ತೂರವ್ವನನ್ನು ನೋಡಿದಳು.

ಇಷ್ಟು ಹೇಳಿ ಗುರುಗಳು ಮತ್ತೆ ಸೊಪ್ಪಿಗೆ ಕೈ ಹಾಕಿದರು. ಅಡಿವೆಯ್ಯ ಕಾದ. ಕತೆ ಮುಂದುವರಿಯಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

“ಗುರುಗಳೇ, ಅವಳು ಏನು ಉತ್ತರ ಕೊಟ್ಟಳು?”

ಗುರುಗಳು ತಲೆ ಎತ್ತದೆ ಹೇಳಿದರು: “ವ್ಯಾನಿನಲ್ಲಿ ತನಗೂ ಜಾಗ ಆಗುತ್ತದೆಯೇ ಎಂದು ಕೇಳಿದಳು.”

ಅಡಿವೆಯ್ಯ ತನ್ನ ಮುಂದಿದ್ದ ಕಟ್ಟು ಬಿಚ್ಚಿ ಸೊಪ್ಪು ಸೋಸತೊಡಗಿದ.