ಮರುಬೆಳಗಿನ ದಿಬ್ಬ

ಇಂಗ್ಲೆಂಡಿನ ಪೂರ್ವದಲ್ಲಿ, ಜೌಗುನೆಲ ಮುಗಿದು ಹೊಲಗಳು ಶುರುವಾಗುವ ಕಡೆ, ತಲೆ ಚಪ್ಪಟೆಯಾದ ಒಂದು ದಿಬ್ಬವಿದೆ. ಎತ್ತರವೇನೂ ಇಲ್ಲ, ಏದುಸಿರು ಬರುವ ಮೊದಲೇ ನೆತ್ತಿ ಮುಟ್ಟಿರುತ್ತೇವೆ. ಊರವರು ಇದನ್ನು ಮರುಬೆಳಗಿನ ದಿಬ್ಬ ಎನ್ನುತ್ತಾರೆ. ಸೂರ್ಯೋದಯ ಚೆನ್ನಾಗಿ ಕಾಣುವುದರಿಂದ ಆ ಹೆಸರೆಂದು ಪ್ರವಾಸಿಗಳಿಗೆ ಹೇಳುವವರಿದ್ದಾರೆ. ಸುಳ್ಳು. ಬೆಳಿಗ್ಗೆ ಅಲ್ಲಿ ಮಂಜು ಬಿಟ್ಟರೆ ಏನೂ ಕಾಣುವುದಿಲ್ಲ.

ಹಿಂದೆ ಒಮ್ಮೆ, ಇಂಗ್ಲೆಂಡಿಗೆಲ್ಲ ಒಬ್ಬನೇ ರಾಜನೆಂಬುದು ಇನ್ನೂ ಇಲ್ಲದಿದ್ದಾಗ, ಈ ಜೌಗುನಾಡಿಗೂ ಒಬ್ಬ ರಾಜನಿದ್ದ. ಇಲ್ಲಿ ಕಿರೀಟಕ್ಕಿಂತ ದಿಬ್ಬ ದೊಡ್ಡದು. ಹೊಸಬ ಅದರ ನೆತ್ತಿಯ ಮೇಲೆ ನಿಂತು, ಕೆಳಗೆ ನೆರೆದವರು ಗುರಾಣಿ ಬಡಿದು ಕೂಗಿದರೆ ಮಾತ್ರ ಅವನು ರಾಜ. ಮುದಿ ರಾಜ ಸತ್ತಾಗ ಹಿರಿಯರು ಆರಿಸಿದ್ದು ಅವನ ತಮ್ಮನ ಮಗ ಬೆಯೋರ್ನನನ್ನು. ಬೆಯೋರ್ನನಿಗೆ ಸಿನೆಗಿತ್ ಎಂಬ ಹುಡುಗಿಯ ಮೇಲೆ ಪ್ರಾಣ, ಅವಳಿಗೂ ಅಷ್ಟೇ. ಆದರೆ ದಾಯಾದಿ ವುಲ್ಫ್‌ರಿಕ್ ಅವನನ್ನು ರಾಜಿಯ ಊಟಕ್ಕೆ ಕರೆದು, ಆಯುಧವನ್ನು ಬಾಗಿಲಲ್ಲೇ ಬಿಡಿಸಿ, ಉಣ್ಣುತ್ತ ಕುಳಿತಿದ್ದಾಗಲೇ ಕೊಲ್ಲಿಸಿದ. ಮರುದಿನ ತಾನೇ ದಿಬ್ಬ ಹತ್ತಿದ. ಜನ ಕೂಗಿದರು, ಹೊಟ್ಟೆಪಾಡು. ಸಿನೆಗಿತ್‌ಳ ತಂದೆಯ ಬಳಿ ಈಟಿಯಾಳುಗಳಿದ್ದರು, ಆದ್ದರಿಂದ ವುಲ್ಫ್‌ರಿಕ್‌ಗೆ ಅವಳೂ ಬೇಕಾದಳು. ತಂದೆ ಕೊಟ್ಟುಬಿಟ್ಟ. ‘ಎರಡು ಮನೆತನಗಳು ಒಂದಾದವು’ ಎಂದು ಬರೆದಿಟ್ಟರಂತೆ ಯಾರೋ ಪುಣ್ಯಾತ್ಮರು. ಒಂದಾದವಂತೆ!

ಮದುವೆಯ ಮರುದಿನ ಬೆಳಿಗ್ಗೆ ಗಂಡನಾದವನು ಹೆಂಡತಿಗೆ ಉಡುಗೊರೆ ಕೊಡುವುದು ಆ ನಾಡಿನ ಪದ್ಧತಿ, ಮರುಬೆಳಗಿನ ಉಡುಗೊರೆ ಎಂದೇ ಅದರ ಹೆಸರು. ಹಿರಿಯರ ಎದುರು ಕೊಟ್ಟದ್ದು, ನಮ್ಮ ಸ್ತ್ರೀಧನದ ಹಾಗೆ, ಅವಳದೇ, ಗಂಡನೂ ಮುಟ್ಟುವಂತಿಲ್ಲ.

“ಕೇಳು ರಾಣಿ, ಬಂಗಾರವೋ ಕುದುರೆಯೋ?” ಎಂದ ವುಲ್ಫ್‌ರಿಕ್.

“ಆ ದಿಬ್ಬ.”

ಸಭೆ ಗೊಳ್ಳೆಂದು ನಕ್ಕಿತು. “ಹುಲ್ಲು ಬಿಟ್ಟರೆ ಏನಿದೆ ಅಲ್ಲಿ? ಕುರಿ ಕಾಯ್ತೀಯಾ?” ಎಂದು ಕೇಳಿದ ರಾಜ.

“ಕಾಯ್ತೀನಿ.”

ತಾನು ಹತ್ತಿ ಇಳಿದಾಯಿತು, ಇನ್ನು ದಿಬ್ಬಕ್ಕೇನು ಕೆಲಸ ಎಂದುಕೊಂಡಿರಬೇಕು ವುಲ್ಫ್‌ರಿಕ್. ದಿಬ್ಬ ಕೊಟ್ಟ ಗುರುತಿಗೆ ಅಲ್ಲಿಂದ ಒಂದು ಹೆಂಟೆ ಮಣ್ಣು ತರಿಸಿ ಎಲ್ಲರೆದುರು ಅವಳ ಕೈಗಿಟ್ಟ.

ಅವಳು ನಿಜಕ್ಕೂ ಕುರಿ ಕಾದಳು, ಕೂದಲು ನರೆಯುವವರೆಗೆ. ವುಲ್ಫ್‌ರಿಕ್ ಸತ್ತ ಮೇಲೆ ಅವನ ಮೊದಲ ಹೆಂಡತಿಯ ಮಗ ಓಸ್‌ಗಾರ್ ರಾಜನಾಗಲು ಜನರನ್ನು ಕಟ್ಟಿಕೊಂಡು ಬಂದಾಗ, ಸಿನೆಗಿತ್ ದಿಬ್ಬದ ದಾರಿಗೆ ಅಡ್ಡ ನಿಂತಿದ್ದಳು.

“ಚಿಕ್ಕಮ್ಮ, ಸರಿ ಆಚೆ. ಇದು ರಾಜ್ಯದ ವಿಷಯ.”

“ಇದು ನನ್ನ ನೆಲ ಕಣೋ. ಉಣ್ಣಲು ಕರೆದು ಕೊಂದವನ ಸಂತಾನ ಇದರ ಮೇಲೆ ಕಾಲಿಡೋದಿಲ್ಲ.”

ಅವಳನ್ನು ಎಳೆದುಹಾಕಿ ಎಂದು ಅವನು ಅರಚಿದ. ಹಿರಿಯರು ಕಾಲಬೆರಳು ನೋಡಿಕೊಂಡರು. ಬೆಯೋರ್ನನ ಮೇಲೆ ಅವರಿಗೆ ದಿಢೀರನೆ ಕರುಣೆ ಉಕ್ಕಿತೆಂದು ತಿಳಿಯಬೇಡಿ. ಅವರೆಲ್ಲರಿಗೂ ಮದುವೆ ಮಾಡಿ ಕಳಿಸಿದ ಹೆಣ್ಣುಮಕ್ಕಳಿದ್ದರು. ರಾಣಿಯ ಉಡುಗೊರೆಯನ್ನೇ ಕಿತ್ತುಕೊಂಡರೆ, ನಾಳೆ ತಮ್ಮ ಮಗಳ ಹೊಲವನ್ನು ಯಾವ ಅಳಿಯ ಉಳಿಸಿಯಾನು? ಯಾರ ಈಟಿಯೂ ಮೇಲೇಳಲಿಲ್ಲ. ಓಸ್‌ಗಾರ್ ರಾಜನಾಗಲಿಲ್ಲ, ನಾಡು ನೆರೆಯವರ ಪಾಲಾಯಿತು. ಹೆಂಗಸೊಬ್ಬಳ ಹಟಕ್ಕೆ ರಾಜ್ಯ ಹಾಳಾಯಿತು ಎಂದು ಇಂದಿಗೂ ಹೇಳುತ್ತಾರೆ. ಊಟಕ್ಕೆ ಕರೆದು ಕೊಂದದ್ದರಿಂದ ಮಾತ್ರ ಏನೂ ಹಾಳಾಗಲಿಲ್ಲ, ನೋಡಿ.

ಈಚೆಗೆ ಯಾರೋ ಉತ್ಸಾಹಿಗಳು ‘ರಾಜರು ಪಟ್ಟವೇರಿದ ಸ್ಥಳ’ ಎಂದು ಕಲ್ಲು ಕೆತ್ತಿಸಿ ತಂದರಂತೆ. ಈಗ ದಿಬ್ಬದ ಒಡತಿ ಒಬ್ಬ ಮುದುಕಿ. ಮೇಲೆ ನೆಡಲು ಒಪ್ಪಲೇ ಇಲ್ಲ. ಹಾಗಾಗಿ ಹೋದವರಿಗೆ ರಾಜರು ಕಾಣಸಿಗುವುದು ಕೆಳಗೆ, ಗೇಟಿನ ಪಕ್ಕದಲ್ಲಿ, ಕುರಿಗಳು ಬೆನ್ನು ತುರಿಸಿಕೊಳ್ಳುವ ಕಲ್ಲಿನ ಮೇಲೆ. ನೆತ್ತಿಯಲ್ಲಿ ಬರೀ ಹುಲ್ಲು.