ತಪ್ಪಾತಿನ ಮರಡಿ

ಭೀಮಾ ಹೊಳೆ ಎಡಕ್ಕೆ ಹೊರಳುವಲ್ಲಿ, ಹಂಚಗೇರಿ ಎಂಬ ನಮ್ಮೂರಿನ ಬೆನ್ನಿಗೆ ಒಂದು ಮರಡಿ ಇದೆ. ಎತ್ತರದಲ್ಲಿ ಅದು ಹಿಮಾಲಯಕ್ಕಿಂತ ತುಸುವೇ ಕಡಿಮೆ. ಚೈತ್ರದ ಬಿಸಿಲಲ್ಲಿ ಹತ್ತಿದವರಿಗೆ ಆ ತುಸುವೂ ಕಾಣುವುದಿಲ್ಲ. ಮೇಲೆ ಎರಡು ಜಾಲಿ, ಒಂದು ಬೇವು, ತಗಡಿನ ಚಪ್ಪರ, ಅದರಡಿ ಕಬ್ಬಿಣದ ಬೇಲಿ. ಬೇಲಿಯೊಳಗೆ ಬೂದು ಹಾಸುಬಂಡೆಯಲ್ಲಿ ಒಂದು ಮೃಗ ಮಲಗಿದೆ. ಎಲುಬೆಲ್ಲ ಕಲ್ಲಾಗಿದೆ, ದವಡೆ ಮಾತ್ರ ಇದೀಗ ಏನೋ ಹೇಳಹೊರಟಂತೆ ಅರ್ಧ ತೆರೆದಿದೆ. ರಸ್ತೆಯ ಫಲಕದಲ್ಲಿ 'ತಪತಿ ಗುಡ್ಡ' ಎಂದು ಬರೆದಿದ್ದಾರೆ. ಬರೆದವರು ಯಾವುದೋ ಋಷಿಯ ತಪಸ್ಸನ್ನು ನೆನೆದಿರಬೇಕು. ನಮ್ಮ ಬಿಸಿಲಿಗೆ ಕಣ್ಣು ಮುಚ್ಚಿ ಕೂರಬಲ್ಲ ಋಷಿ ಇನ್ನೂ ಹುಟ್ಟಿಲ್ಲ. ಊರವರ ಬಾಯಲ್ಲಿ ಅದು ತಪ್ಪಾತಿನ ಮರಡಿ. ತಪ್ಪಾತು, ಅಂದರೆ ತಪ್ಪಾಯಿತು. ಆ ತಪ್ಪು ಯಾರದು ಎಂದು ಕೇಳಿ ನೋಡಿ, ಊರಿಗೆ ಊರೇ ನಮ್ಮ ಮನೆಯತ್ತ ಬೆರಳು ಮಾಡುತ್ತದೆ. ನಾವೂ ಹಾಗೇ ಮಾಡುತ್ತೇವೆ. ಬೇರೆ ಕಡೆ ತೋರಿಸಿದರೆ ಯಾರೂ ನಂಬುವುದಿಲ್ಲ.

ಹಿಂದೆ ಒಮ್ಮೆ, ಈ ಹೊಳೆಗೆ ಸೇತುವೆ ಬಂದೀತೆಂದು ಯಾರೂ ಕನಸಲ್ಲೂ ನೆನೆಯದ ಕಾಲದಲ್ಲಿ, ನಮ್ಮ ವಂಶದ ರಾಚನಗೌಡ ಊರಿನ ಗೌಡಿಕೆ ನಡೆಸುತ್ತಿದ್ದ ಎನ್ನುತ್ತಾರೆ. ಆತ ಒಮ್ಮೆ ಸೀನಿದರೆ ಆಚೆ ದಡದ ಊರಿನವರು ಗುಡುಗು ಬಂತೆಂದು ಕಣದ ರಾಶಿಗೆ ಚಾಪೆ ಮುಚ್ಚುತ್ತಿದ್ದರಂತೆ. ಹೀಗೆಂದು ಹೇಳಿದವನು ಅವನೇ. ಸುಳ್ಳುಗಾರ ಎಂದು ಅವನನ್ನು ಯಾರೂ ಕರೆಯುತ್ತಿರಲಿಲ್ಲ, ಏಕೆಂದರೆ ಅವನ ಮಾತಿನಿಂದ ಅಲ್ಲಿಯವರೆಗೆ ಯಾರ ಮನೆಯೂ ಕೆಟ್ಟಿರಲಿಲ್ಲ. ಅದೇ ಊರಲ್ಲಿ ಹರಗೋಲು ಹಾಕುವ ಅಂಬಿಗರ ನಿಂಬಣ್ಣ, ಅವನ ಹೆಂಡತಿ ಮಾಳವ್ವ ಇದ್ದರು. ಒಂದು ಶ್ರಾವಣದಲ್ಲಿ ಹೊಳೆ ತುಂಬಿ ಬಂದಾಗ ಹಗ್ಗ ಹರಿದ ಹರಗೋಲನ್ನು ಹಿಡಿಯಲು ಹೋದ ನಿಂಬಣ್ಣ ತಿರುಗಿ ಬರಲಿಲ್ಲ. ಮೂರನೆಯ ದಿನ ಹರಗೋಲು ಮಾತ್ರ ಬೋರಲಾಗಿ ಸಿಕ್ಕಿತು. ತಿಂಗಳು ಕಳೆದ ಮೇಲೆ ಹಿರಿಯರು ಬಂದು ಬಳೆ ತೆಗೆಯುವ ಮಾತೆತ್ತಿದರು. ಮಾಳವ್ವ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಹೆಣ ಕಂಡಿಲ್ಲ. ಯಾರಾದರೂ ಕಣ್ಣಾರೆ ಕಂಡವರು ಬಂದು ಹೇಳಲಿ. ಅಲ್ಲೀತನಕ ನನ್ನ ಕೈಗೆ ಯಾರೂ ಬರಬ್ಯಾಡ್ರಿ."

ಹಿರಿಯರು ಹಿಂದಿರುಗಿದರು. ದೀಪಾವಳಿ ಮುಗಿದ ಮೇಲೆ ರಾಚನಗೌಡ ಮರಡಿಯ ಮೇಲೆ ಹಗೇವು ತೋಡಿಸಲು ಹೊರಟ. ಹಗೇವೆಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಹೊಳೆಯ ನೀರು ಏರದ ಜಾಗ ಅದಕ್ಕೆ ಒಳ್ಳೆಯದು. ತೋಡುವವರು ಹೊರಗಿನವರು. ಆಳುದ್ದ ಇಳಿದಾಗ ಮಣ್ಣಿನೊಳಗಿಂದ ಮೊಳದುದ್ದದ ದವಡೆ, ಅದರ ತುಂಬ ಹಲ್ಲು ಇವರತ್ತ ನಕ್ಕವು. ಅವರು ಹಾರೆ, ಬುಟ್ಟಿ ಅಲ್ಲೇ ಬಿಟ್ಟು ಓಡಿದವರು ಮತ್ತೆ ಈ ಸೀಮೆಯಲ್ಲಿ ಕಾಣಿಸಿಕೊಳ್ಳಲಿಲ್ಲ. ನೆಲದಲ್ಲಿ ಹೀಗೊಂದು ಸಿಕ್ಕಿತು ಎಂದು ಗೌಡ ಊರಿಗೆ ಬಂದು ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸಿಕ್ಕಿದ್ದನ್ನು ಸಿಕ್ಕಿತೆಂದಷ್ಟೇ ಹೇಳುವುದು ನಮ್ಮ ಮನೆತನಕ್ಕೆ ಒಗ್ಗುವುದಿಲ್ಲ. ಗೌಡ ತಾನೇ ಸುತ್ತಲ ಮಣ್ಣು ಸರಿಸಿ ಕಲ್ಲಿನ ಮೃಗವನ್ನು ಪೂರ್ತಿ ಬಯಲು ಮಾಡಿದ; ಆಮೇಲೆ ಈಟಿಯನ್ನು ಹೆಗಲಿಗಿಟ್ಟು ಇಳಿದು ಬಂದು, ಹೊಳೆಯಿಂದ ಏರಿ ಬಂದ ಮೊಸಳೆಯನ್ನು ತಾನೊಬ್ಬನೇ ಕೊಂದೆನೆಂದೂ, ತನ್ನ ಸಿಟ್ಟಿನ ಬಿಸಿಗೆ ಅದು ನಿಂತಲ್ಲೇ ಕಲ್ಲಾಯಿತೆಂದೂ ಸಾರಿದ. ಜನ ಮರಡಿ ಹತ್ತಿ ನೋಡಿದರು. ಹಲ್ಲು ಕಂಡ ಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ. ಆಗ ಮುದುಕನೊಬ್ಬ ಕೇಳಿದ: "ಗೌಡ್ರ, ನಮ್ಮ ನಿಂಬಣ್ಣನ್ನ ನುಂಗಿದ್ದು ಇದ ಏನ್ರಿ?"

ಆ ಗಳಿಗೆಯವರೆಗೆ ಗೌಡನಿಗೆ ನಿಂಬಣ್ಣನ ನೆನಪೇ ಇರಲಿಲ್ಲ. ಗೊತ್ತಿಲ್ಲ ಎಂದರೆ ಮೊಸಳೆ ಸಣ್ಣದಾಗುತ್ತದೆ. "ಹೂಂ" ಎಂದ. ಆ ಹೂಂ ಒಂಟಿಯಾಗಿ ನಿಲ್ಲಲಾರದೆ ಜೊತೆ ಬೇಡಿತು. "ಹೊಟ್ಟಿ ಸೀಳಿದಾಗ ಅವನ ರುಮಾಲು ಕಂಡೆ" ಎಂದೂ ಸೇರಿಸಿದ.

ಜನ ಮರಡಿ ಇಳಿದು ನೇರ ಅಂಬಿಗರ ಓಣಿಗೆ ಹೋದರು. "ಗೌಡ್ರು ಕಣ್ಣಾರೆ ಕಂಡಾರೇನು?" ಎಂದು ಮಾಳವ್ವ ಕೇಳಿದಳು. ಕಂಡಿದ್ದಾರೆ ಎಂದರು. ಅವಳು ಎರಡೂ ಕೈ ಮುಂದೆ ಚಾಚಿದಳು. ಹೊಸ್ತಿಲ ಕಲ್ಲಿಗೆ ಬಳೆ ಒಡೆದ ಸದ್ದು ಓಣಿಯ ತುದಿಯಲ್ಲಿ ನಿಂತಿದ್ದ ರಾಚನಗೌಡನ ಕಿವಿಗೂ ಬಿತ್ತು. ತಡೀರಿ, ನಾ ಸುಳ್ಳು ಹೇಳೀನಿ ಎಂದಿದ್ದರೆ ಸಾಕಿತ್ತು. ಊರಿಗೆಲ್ಲ ಮಾತು ಹಂಚುತ್ತಿದ್ದ ಬಾಯಿ ಆಗ ತೆರೆಯಲಿಲ್ಲ. ನಮ್ಮ ವಂಶದ ದೊಡ್ಡಸ್ತಿಕೆಗಳನ್ನು ನಾನು ದಿನಗಟ್ಟಲೆ ಹೇಳಬಲ್ಲೆ. ಆ ಮೌನದ ಹತ್ತಿರ ಬಂದಾಗ ಮಾತ್ರ ನನ್ನ ನಾಲಗೆಗೂ ಭಾರವಾಗುತ್ತದೆ.

ಯುಗಾದಿಗೆ ಐದು ದಿನ ಇರುವಾಗ, ಮಟಮಟ ಮಧ್ಯಾಹ್ನ, ಕೋಲೂರಿಕೊಂಡು ಕುಂಟುತ್ತ ನಿಂಬಣ್ಣ ಊರೊಳಗೆ ನಡೆದು ಬಂದ. ಪ್ರವಾಹ ಅವನನ್ನು ನಾಲ್ಕು ದಿನದ ದಾರಿಯಷ್ಟು ಕೆಳಗೆ ಒಯ್ದು ಎಸೆದಿತ್ತು. ಮುರಿದ ಕಾಲು ಕೂಡುವವರೆಗೆ ಯಾವುದೋ ಕುರುಬರ ಹಟ್ಟಿಯಲ್ಲಿ ಬಿದ್ದಿದ್ದ. ಬಾಗಿಲಲ್ಲಿ ಹೆಂಡತಿಯ ಬೋಳು ಹಣೆ, ಬರಿಗೈ ಕಂಡು ಬೆದರಿ ಕೇಳಿದ:

"ಮಾಳಿ, ಯಾರು ಸತ್ತಾರ?"

"ನೀವ."

ಊರೆಲ್ಲ ಕೂಡಿತು. ನಗುವವರು ನಕ್ಕರು, ಅಳುವವರು ಅತ್ತರು. ಬಳೆಗಾರ ಲಾಲಸಾಬನನ್ನು ಕರೆಸಿದರು. ಅವನು ಬಳೆ ಪೋಣಿಸಿದ ಮಲಾರ ಬಿಚ್ಚಿ ಹಸಿರು ಬಳೆ ತೆಗೆದವನು ಮಾಳವ್ವನ ಕೈ ಹಿಡಿಯದೆ ಕುಳಿತ. "ಯವ್ವಾ, ಇವು ತಾವಾಗಿ ಒಡದಿಲ್ಲ. ಒಂದು ಮಾತಿನ ಮ್ಯಾಲ ಒಡದಾವ. ಆ ಮಾತು ಇನ್ನೂ ಗಟ್ಟಿ ನಿಂತದ. ಅದು ಇರೋತನಕ ನಾ ತೊಡಿಸಿದ್ರ ನಿನ್ನ ಗಂಡಗ ಒಳ್ಳೇದಲ್ಲ. ಮೊದಲ ಮಾತು ಒಡೀಲಿ, ಆಮ್ಯಾಲ ಬಳಿ" ಎಂದ. ಹಿರಿಯರೂ ತಲೆಯಾಡಿಸಿದರು. ನಿಂಬಣ್ಣ ಮಾತ್ರ, "ಬಿಡಲೇ ಮಾಳಿ, ಜೀವಂತ ಬಂದೀನಲ್ಲ" ಎಂದ.

"ನೀವು ಬಂದೀರಿ. ನಾ ಇನ್ನೂ ಬಂದಿಲ್ಲ" ಎಂದಳು ಮಾಳವ್ವ. "ಗೌಡ್ರು ಮರಡಿ ಮ್ಯಾಲ, ಊರ ಮುಂದ, ತಪ್ಪಾತು ಅನಬೇಕು. ಅಷ್ಟ. ಮಾತಿಗೆ ಬಾಲ ಇರಬಾರದು."

ಇದೇನು ಮಹಾ ಎಂದುಕೊಂಡು ರಾಚನಗೌಡ ಮರುದಿನ ರುಮಾಲು ಸುತ್ತಿ ಮರಡಿ ಹತ್ತಿದ. ಕಲ್ಲಿನ ಮುಂದೆ ನಿಂತು, "ತಪ್ಪಾತು. ಆದರ ಇಂಥ ಹಲ್ಲು ಕಂಡರ ಯಾರಿಗಾದರೂ..." ಎಂದ. ಕೆಳಗಿನಿಂದ ಹೆಂಗಸರು, "ಬಾಲ ಬಂತು, ಬಾಲ ಬಂತು!" ಎಂದು ಕೂಗಿದರು. ಲಾಲಸಾಬ ಬಳೆಯನ್ನು ಮಲಾರಕ್ಕೆ ಏರಿಸಿ ಗಂಟು ಹಾಕಿದ. ಎರಡನೆಯ ದಿನ ಗೌಡ ರುಮಾಲು ಬಿಚ್ಚಿ ಬಂದ. "ತಪ್ಪಾತು" ಎಂದು ಬಹಳ ಹೊತ್ತು ತಡೆದುಕೊಂಡ. ಜನ ಉಸಿರು ಬಿಡುವಷ್ಟರಲ್ಲಿ, "ಇಂಥ ದೊಡ್ಡ ತಪ್ಪು ಮಾಡಿದಂವ ಈ ಸೀಮಿಯೊಳಗ ನಾನೊಬ್ಬನ" ಎಂದುಬಿಟ್ಟ. ಲಾಲಸಾಬ ಮತ್ತೆ ಗಂಟು ಹಾಕಿದ. ಎರಡೂ ರಾತ್ರಿ ಗೌಡನ ಮನೆಯಲ್ಲಿ ಯಾರೂ ಅವನಿಗೆ ಊಟಕ್ಕೆ ಏಳಿ ಎನ್ನಲಿಲ್ಲವಂತೆ.

ಮೂರನೆಯ ದಿನ ಮಾಳವ್ವ ತಾನೇ ಮರಡಿ ಹತ್ತಿದಳು. ಬಳೆ ಒಡೆದವಳು ಅಶುಭವೆಂದು ಅಲ್ಲಿಯವರೆಗೆ ಅವಳನ್ನು ಯಾರೂ ಮೇಲೆ ಕರೆದಿರಲಿಲ್ಲ. ಅವಳು ಕಲ್ಲಿನ ಮೃಗದ ಸುತ್ತ ಒಂದು ಸುತ್ತು ಬಂದಳು, ತಲೆಯ ಹತ್ತಿರ ಕುಳಿತಳು, ಕಣ್ಣಿನ ಗುಳಿಯಲ್ಲಿ ಬೆರಳಿಟ್ಟಳು.

"ಗೌಡ್ರ, ಮೊಸಳಿ ಕಣ್ಣು ನೆತ್ತಿ ಮ್ಯಾಲ ಇರತಾವ. ಮೈಯೆಲ್ಲ ನೀರಾಗ ಮುಳುಗಿಸಿ ಕಣ್ಣಷ್ಟ ಹೊರಗಿಟ್ಟು ಬರತದ ಅದು. ಇದರ ಕಣ್ಣು ನಾಯಿ ಹಂಗ ಮಗ್ಗಲಿಗೆ ಅದಾವ. ಕಾಲು ನೋಡ್ರಿ, ಎಷ್ಟು ಉದ್ದ. ಇದು ಹೊಟ್ಟಿ ಎಳಕೊಂಡು ಹೋಗೋದಲ್ಲ, ನೆಲದ ಮ್ಯಾಲ ಓಡೋದು. ಇದು ಹೊಳಿ ಕಂಡದ್ದ ಇಲ್ಲ." ಅವಳು ಎದ್ದು ನಿಂತಳು. "ಏಳು ತಲಿಯಿಂದ ನೀರ ಮ್ಯಾಲ ಬಾಳೇವು ಮಾಡೀವಿ. ಬಳಿ ಒಡಿಯೋ ಮೊದಲ, ಬಾ ಮಾಳವ್ವ, ಇದೇನು ನೋಡು ಅಂತ ಒಬ್ಬರಾದರೂ ಕರದಿದ್ರ ಹೇಳತಿದ್ದೆ."

ಹಿರಿಯರು ತಮ್ಮ ತಮ್ಮ ಕಾಲ್ಬೆರಳು ನೋಡಿದರು. ರಾಚನಗೌಡ ತಲೆಯೆತ್ತಿದಾಗ ಅವಳು ಚಾಚಿದ ಬರಿಗೈಗಳು ಅವನ ಮುಖದೆದುರಿಗೇ ಇದ್ದವು. ಬಳೆ ಎಳೆದ ಗೀರು ಎಡ ಮಣಿಕಟ್ಟಿನಲ್ಲಿ ಇನ್ನೂ ಬೆಳ್ಳಗೆ ಕಾಣುತ್ತಿತ್ತು. ಅಷ್ಟು ತಿಂಗಳಲ್ಲಿ ಅವನು ಆ ಕೈಯನ್ನು ನೋಡಿದ್ದು ಅದೇ ಮೊದಲು.

"ತಪ್ಪಾತು" ಎಂದ.

ಜನ ಬಾಲಕ್ಕಾಗಿ ಕಾದರು. ಗಾಳಿ ಬೀಸಿತು, ಬೇವಿನ ಎಲೆ ಉದುರಿತು. ಗೌಡನ ಬಾಯಿ ಮತ್ತೆ ತೆರೆಯಲಿಲ್ಲ. ಲಾಲಸಾಬ ಗಂಟು ಬಿಚ್ಚಿ, ಮಾಳವ್ವನ ಕೈ ಹಿಡಿದು, ಒಂದೊಂದಾಗಿ ಹನ್ನೆರಡು ಹಸಿರು ಬಳೆ ತೊಡಿಸಿದ. ಆ ಮಾತು ಬಿದ್ದ ಗಳಿಗೆಯಲ್ಲೇ ಕಲ್ಲಿನ ಮೃಗದ ಬಾಲವೂ ಕಳಚಿ ಬಿದ್ದು ಮಣ್ಣಾಯಿತು ಎನ್ನುತ್ತಾರೆ.

ಈಗಲೂ ಬಂದವರು ಅದನ್ನೇ ನೋಡುತ್ತಾರೆ. ತಲೆ ಇದೆ, ಬೆನ್ನುಮೂಳೆ ಇದೆ, ನಾಲ್ಕು ಉದ್ದನೆಯ ಕಾಲಿವೆ. ಸೊಂಟದಾಚೆ ಬರೀ ಬಂಡೆ. ಕೆಲವು ವರ್ಷಗಳ ಕೆಳಗೆ ಕಲ್ಲಿನ ಎಲುಬು ಓದುವ ಪಂಡಿತರು ಬಂದು ಎರಡು ದಿನ ಅಳೆದರು. ಇದು ಮೊಸಳೆಯಲ್ಲ, ಮೊಸಳೆಯ ದೂರದ ಬಂಧು. ಡೈನೋಸಾರ್‌ಗಳಿದ್ದ ಕಾಲದಲ್ಲಿ ಒಣನೆಲದ ಮೇಲೆ ಓಡಾಡಿ, ವಂಶವೇ ಅಳಿದುಹೋದದ್ದು. ಬಾಲ ಕಲ್ಲಾಗುವ ಮೊದಲೇ ಮಳೆಯಲ್ಲಿ ಕೊಚ್ಚಿಹೋಗಿರಬೇಕು ಎಂದರು. ಕಣ್ಣು ಮಗ್ಗುಲಿಗಿರುವುದನ್ನು ಅವರು ಬಹಳ ಹೊತ್ತು ವಿವರಿಸಿದರು. ಅಂಬಿಗರ ಓಣಿಯ ಹೆಂಗಸರು ನಡುವೆ ಬಾಯಿ ಹಾಕದೆ ಕೇಳಿ, ತಮ್ಮತಮ್ಮಲ್ಲೇ ನಕ್ಕು ಮನೆಗೆ ಹೋದರು.

ನೋಡಲು ಬಂದವರು ಬೇಲಿಗೊರಗಿ, ಇದರ ಬಾಲ ಎಲ್ಲಿ ಎಂದು ನನ್ನನ್ನು ಕೇಳುತ್ತಾರೆ. ಅದಕ್ಕೆ ಎಂಟು ಕಥೆ ನನ್ನಲ್ಲಿ ಸಿದ್ಧವಾಗಿವೆ, ಒಂದಕ್ಕಿಂತ ಒಂದು ಸೊಗಸು. ಚಹದಂಗಡಿಯಲ್ಲಿ ಕೇಳಿದರೆ ಎಂಟನ್ನೂ ಹೇಳಿಯೇನು. ಆ ಕಲ್ಲಿನ ಮುಂದೆ ನಿಂತಾಗ ಅವು ಗಂಟಲು ದಾಟುವುದಿಲ್ಲ. ತಪ್ಪಾತು ಎಂದಷ್ಟೇ ಅನ್ನುತ್ತೇನೆ. ಮರಡಿಯ ಹೆಸರು ಹೇಳಿದೆನೆಂದುಕೊಂಡು ಅವರು ತಲೆಯಾಡಿಸುತ್ತಾರೆ.